ಮರಳಿ ಬಾರದವರ ಬಿ.ಪಿ.

ಅಂದು ಹಾವೇರಿಯ ವೈದ್ಯರ ಸಭೆಯಲ್ಲಿ ಏನೇನು ಕೆಡಬಹುದೆಂದು ನಾನು ರಾಣೆಬೆನ್ನೂರಿನಲ್ಲಿ ಬಸ್ಸು ಹತ್ತುವ ಮೊದಲೇ ಯೋಚಿಸಿ ಮುಗಿಸಿದ್ದೆ. ಬಸ್ಸು ಮೋಟೆಬೆನ್ನೂರಿನಲ್ಲಿ ಕೆಟ್ಟು ನಿಲ್ಲಬಹುದು. ಕರೆಂಟು ಹೋಗಬಹುದು. ಕರೆಂಟು ಇದ್ದರೆ ಸ್ಲೈಡು ತಲೆಕೆಳಗಾಗಿ, ಇಳಿದ ರಕ್ತದೊತ್ತಡ ಏರಿದಂತೆ ಕಾಣಬಹುದು. ಹುಬ್ಬಳ್ಳಿಯಿಂದ ಬರುವ ಹಿರಿಯ ಹೃದ್ರೋಗ ತಜ್ಞರು ಗದರಬಹುದು. ಆ ಗದರಿಕೆಗೆ ನನ್ನ ಎದೆಯೇ ನಿಲ್ಲಬಹುದು. ಅಷ್ಟು ಡಾಕ್ಟರರ ನಡುವೆ ಸತ್ತರೆ ಮನೆಯವರು ಯಾರನ್ನೆಂದು ಬೈಯಬೇಕು?

ನಾನು ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುವವನು. ಚಿಂತೆ ನನ್ನ ಉಪಕಸುಬು. ಹೃದಯಾಘಾತದ ಅಪಾಯ ದುಪ್ಪಟ್ಟು ಎಂದು ಪತ್ರಿಕೆಯಲ್ಲಿ ಓದಿದರೆ, ಮೊದಲು ಎಷ್ಟಿತ್ತು ಎಂದು ಕೇಳಿರಿ ಎನ್ನುತ್ತೇನೆ ತರಗತಿಯಲ್ಲಿ. ಮನೆಗೆ ಬಂದು ಅದನ್ನೇ ಓದಿ, ಮಿರ್ಚಿ ಭಜಿಯ ತಟ್ಟೆಯನ್ನು ದೂರ ತಳ್ಳುತ್ತೇನೆ.

ಸಭೆಯ ಚಿಂತೆ ಹಚ್ಚಿದವರು ನನ್ನ ಹಳೆಯ ವಿದ್ಯಾರ್ಥಿ, ಬ್ಯಾಡಗಿಯ ಡಾಕ್ಟರ್ ಇರ್ಫಾನ್. ಮೆಣಸಿನಕಾಯಿ ಪೇಟೆಯಲ್ಲಿ ದಿನವಿಡೀ ಗಾದಿ ಬಿಟ್ಟೇಳದ ದಲಾಲರಿಗೆ ಬೆಳಗಿನ ನಡಿಗೆ ಹಚ್ಚಿ, ಹೃದಯಕ್ಕೇನು ಲಾಭವೆಂದು ನೋಡುತ್ತಿದ್ದರು. ಬಿ.ಪಿ. ನೋಡುವುದು ಶುರುವಿಗೊಮ್ಮೆ, ಕಡೆಗೊಮ್ಮೆ; ಅದೂ ಸುಗ್ಗಿ ಮುಗಿದ ಮೇಲೆ ಮಾತ್ರ. ಸುಗ್ಗಿಯಲ್ಲಿ ನೋಡಿದರೆ ಮೆಣಸಿನ ಘಾಟಿನ ಪ್ರತಿ ಸೀನಿಗೂ ಪಾದರಸ ಕುಣಿಯುತ್ತದೆ. ಅಂಕಿಸಂಖ್ಯೆಯ ಸಹಾಯಕ್ಕೆಂದು ಹೋದ ಮೊದಲ ದಿನ ಹುಮ್ಮಸ್ಸಿನಲ್ಲಿ ನಾನೂ ತೋಳು ಚಾಚಿದ್ದೆ. ಪಾದರಸ ಎಲ್ಲಿಗೇರಿತೆಂಬುದು ಇಲ್ಲಿ ಅಪ್ರಸ್ತುತ. "ಸರ, ನೀವೂ ಅಡ್ಡಾಡ್ರಿ. ನಮ್ಮ ಲೆಕ್ಕದಾಗ ನೀವೂ ಸೇರಿದ್ರಿ" ಎಂದರು ಡಾಕ್ಟರು.

ಸಭೆಯಲ್ಲಿ ಓದಲು ಪ್ರಬಂಧ ಬರೆದು ನಮ್ಮ ಮನೆಗೆ ತಂದಾಗ ಅವರ ಮುಖದಲ್ಲಿ ಹಬ್ಬ. "ಸರ, ಹೆಚ್ಚೂಕಡಿಮಿ ಎಲ್ಲಾರ್ದೂ ಇಳದೈತ್ರಿ!"

"ಎಲ್ಲಾರು ಅಂದ್ರ ಯಾರ್ರಿ ಡಾಕ್ಟ್ರ? ಶುರುವಿಗೆ ಬಂದವರೋ, ಕಡೀಕ ಬಂದವರೋ?"

"ಕಡೀಕ ಬಂದವರು. ಬರದಿದ್ದವರು ಆರಾಮ ಇರಬೇಕ್ರಿ."

"ಇಲ್ಲಾಂದ್ರ, ಮ್ಯಾಲ ಹೋಗಿ ಪೂರ್ತಿ ಆರಾಮ ಆಗಿರಬೇಕು."

ಚಹಾ ತಂದ ನನ್ನ ಹೆಂಡತಿ ಸುಶೀಲಾ ನಕ್ಕಳು. ಡಾಕ್ಟರು ನಗಲಿಲ್ಲ. ಬಿಟ್ಟುಹೋದವರ ಸುದ್ದಿ ಎತ್ತಿದರೆ ಹಿರಿಯರ ಮುಂದೆ ತಮ್ಮ ಮೊದಲ ಪ್ರಬಂಧವೇ ಪೊಳ್ಳಾದೀತೆಂಬ ಹೆದರಿಕೆ ಅವರಿಗೆ. ನಾನು ಮೇಷ್ಟರ ಗತ್ತಿನಲ್ಲಿ ಉಪದೇಶಕ್ಕೆ ಕುಳಿತೆ. ಎಷ್ಟು ಜನ ಸೇರಿದರು, ಎಷ್ಟು ಜನ ಬಿಟ್ಟರು, ಯಾಕೆ ಬಿಟ್ಟರು, ಎಲ್ಲ ಹೇಳಬೇಕು. ಸರಾಸರಿಯ ಜೊತೆಗೆ ಅದರ ಹಿಂದಿನ ಏರುಪೇರನ್ನೂ ಹೇಳಬೇಕು. ನಡಿಗೆಯಿಂದಲೇ ಇಳಿಯಿತು ಎನ್ನಬಾರದು. ನಡೆದವರಲ್ಲಿ ಇಳಿದದ್ದು ಕಂಡಿತು ಎನ್ನಬೇಕು, ಅಷ್ಟೇ. "ಬಿಟ್ಟವರ ಮನಿಗೆ ಹೋಗಿ ಕಾರಣ ಕೇಳ್ರಿ. ಅಂಜಬ್ಯಾಡ್ರಿ" ಎಂದೆ. ಅಂಜಬೇಡಿ ಎಂಬ ಮಾತು ನನ್ನ ಬಾಯಿಂದ ಬಂದದ್ದಕ್ಕೆ ಸುಶೀಲಾ ಮತ್ತೆ ನಕ್ಕಳು. ಡಾಕ್ಟರನ್ನು ಬಾಗಿಲವರೆಗೆ ಕಳಿಸಲು ಹೋದವಳು ಸ್ವಲ್ಪ ಹೊತ್ತು ಅಲ್ಲೇ ಮಾತಾಡುತ್ತ ನಿಂತಳು.

ಸಭೆಯ ದಿನ ಬಸ್ಸು ಕೆಡಲಿಲ್ಲ, ಕರೆಂಟು ಹೋಗಲಿಲ್ಲ, ಸ್ಲೈಡು ನೆಟ್ಟಗೆ ನಿಂತಿತು. ಹುಬ್ಬಳ್ಳಿಯ ಹಿರಿಯರು ಗದರಲೂ ಇಲ್ಲ. "ಬಿಟ್ಟವರನ್ನ ಮುಚ್ಚಿಡಲಾರದ ಹೇಳೀರಿ, ಭೇಷ್! ಆದ್ರ ಯಾಕ ಬಿಟ್ರು ಅವರು?"

ಡಾಕ್ಟರು ಎದೆಯುಬ್ಬಿಸಿ ಹೇಳತೊಡಗಿದರು. ಕೆಲವರು ಊರು ಬಿಟ್ಟಿದ್ದರು. ಕೆಲವರಿಗೆ ನಡಿಗೆ ಬೇಸರವಾಗಿತ್ತು. "ಇನ್ನ ಒಬ್ಬರು, ಹೆಸರು ಹೇಳೂದು ಸರಿ ಅಲ್ಲ, ಬಿ.ಪಿ. ಏರಿದ್ರ ಏನ್ ಗತಿ ಅಂತ ಅಂಜಿ ಎರಡನೇ ಸಲ ಬರಲೇ ಇಲ್ರಿ. ಅವರ ಮನಿಯವರೇ ಹೇಳಿದ್ರು."

ಸಭೆ ನಕ್ಕಿತು. ಆ ಒಬ್ಬರು ಯಾರೆಂದು ಯಾರಿಗೂ ಗೊತ್ತಾಗುವಂತಿರಲಿಲ್ಲ. ಆದರೆ ಹಿಂದಿನ ಸಾಲಿನಲ್ಲಿ ನಾನು ಧಡಕ್ಕನೆ ಎದ್ದು ನಿಂತು, "ಆವತ್ತು ಪರೀಕ್ಷಾ ಪೇಪರ್ ತಿದ್ದೂದಿತ್ರಿ!" ಎಂದುಬಿಟ್ಟೆ.