ಬಾಣಂತಿಗೆ ಬಾಸ್ ಮೀನಿನ ಸಾರು

ನಾನು ತಾತನಾದೆ! ಹೆಣ್ಣು ಮಗು! ಇವತ್ತಿಗೆ ಇಪ್ಪತ್ತೆರಡು ದಿನ. ತಾಯಿ, ಮಗು ಇಬ್ಬರೂ ಚೆನ್ನಾಗಿದ್ದಾರೆ. ಮಗುವಿಗೆ ತಲೆತುಂಬ ಕೂದಲು, ಅಂಗೈಯಷ್ಟು ಮುಖ, ಆ ಮುಖದ ನಡುವೆ ಸಾಕ್ಷಾತ್ ನನ್ನದೇ ಮೂಗು! ಮೂಗಿನ ವಿಷಯವನ್ನು ನನ್ನ ಹೆಂಡತಿ ಜಯಮ್ಮ ಮಾತ್ರ ಒಪ್ಪುವುದಿಲ್ಲ. "ಬೆಳೀತಾ ಬೆಳೀತಾ ಸರಿಹೋಗುತ್ತೆ ಬಿಡಿ, ಮಗೂನ ಈಗ್ಲೇ ಹೆದರಿಸ್ಬೇಡಿ" ಎನ್ನುತ್ತಾಳೆ.

ಸಂತೋಷ ಹೇಳಿಕೊಂಡಾಯಿತು. ಇನ್ನು ಅವಮಾನವನ್ನೂ ಹೇಳಿಬಿಡುವುದು ಧರ್ಮ.

ಮಗಳು ಸುಮಾಳ ಬಾಣಂತನಕ್ಕೆಂದು ನಾವಿಬ್ಬರೂ ಶ್ರೀರಂಗಪಟ್ಟಣದಿಂದ ಅಮೆರಿಕದ ಫ್ರೀಮಾಂಟಿಗೆ ಬಂದಿದ್ದೇವೆ. ಇಲ್ಲಿ ಎಲ್ಲರಿಗೂ ಒಂದೊಂದು ಕೆಲಸವಿದೆ. ಜಯಮ್ಮ ಮಗುವಿಗೆ ಎಣ್ಣೆ ಹಚ್ಚಿ ನೀರು ಹಾಕುತ್ತಾಳೆ. ಅಳಿಯ ನವೀನ ಆಫೀಸಿಗೆ ರಜೆ ಹಾಕಿ ಡಯಾಪರ್ ಬದಲಿಸುತ್ತಾನೆ. ನಾನು ಮಾತ್ರ ಖಾತೆಯಿಲ್ಲದ ಮಂತ್ರಿ. ಒಂದು ದಿನ ಸಾಂಬ್ರಾಣಿ ಹೊಗೆ ಹಾಕುವ ಖಾತೆ ಕೊಟ್ಟಿದ್ದರು. ಛಾವಣಿಯಲ್ಲಿದ್ದ ಹೊಗೆಯ ಗಂಟೆ ಕಿರುಚಿಕೊಂಡು ಪಕ್ಕದ ಮನೆಯವರೆಲ್ಲ ಬೀದಿಗೆ ಬಂದರು. ಅದೇ ಸಾಯಂಕಾಲ ಖಾತೆ ವಾಪಸ್ಸು!

ನಲವತ್ತು ವರ್ಷ ಸೈಕಲ್ ಅಂಗಡಿ ನಡೆಸಿದ ಕೈ ಸುಮ್ಮನಿರುತ್ತದೆಯೇ? ಮಗಳಿಗಾಗಿ ನಾನೂ ಏನಾದರೂ ಮಾಡಬೇಕಲ್ಲ ಎಂದು ಜೀವ ಚಡಪಡಿಸುತ್ತಿತ್ತು. ಹೀಗಿರುವಾಗ ಒಂದು ರಾತ್ರಿ ಊಟದ ಹೊತ್ತಿಗೆ ನವೀನ ಕೇಳಿದ.

"ಮಾವ, ನಾಳೆ ಬಾಸ್ ಹಿಡಿಯೋಕೆ ಹೋಗೋಣ್ವಾ? ಸ್ಮಾಲ್‌ಮೌತ್ ಬಾಸು."

ನನಗೆ ವಿಷಯ ತಕ್ಷಣ ಅರ್ಥವಾಯಿತು. ಪಾಪ, ಆಫೀಸಿನಲ್ಲಿ ರಜೆ ಮುಂದುವರಿಸಲು ಒಪ್ಪುತ್ತಿಲ್ಲ. ಬಾಸನ್ನು ಹಿಡಿದು ಮಾತಾಡಬೇಕು. ಹಿರಿಯರೊಬ್ಬರು ಜೊತೆಗಿದ್ದರೆ ತೂಕ.

"ಖಂಡಿತ ಬರ್ತೀನಿ ಅಳಿಯಂದ್ರೇ. ಬಾಯಿ ಚಿಕ್ಕದಾದ್ರೇನಂತೆ, ಅಂಥವರ ಮಾತೇ ದೊಡ್ಡದಿರುತ್ತೆ. ನಾನು ಮಾತಾಡ್ತೀನಿ, ನೀವು ಸುಮ್ನೆ ನಿಂತ್ಕೊಳ್ಳಿ."

ಸುಮಾ ನಗು ತಡೆಯಲಾರದೆ ಹೊಟ್ಟೆ ಹಿಡಿದುಕೊಂಡಳು. "ಅಪ್ಪಾ! ಬಾಸ್ ಅಂದ್ರೆ ಮೀನು! ಕೆರೇಲಿರೋ ಮೀನು!"

ಮೀನೇ! ನಾನು ಚೇತರಿಸಿಕೊಂಡವನೇ ಎದ್ದು ನಿಂತೆ. ಬಾಣಂತಿಗೆ ಹೊಳೆಮೀನಿನ ಸಾರು ಕೊಟ್ಟರೆ ಎದೆಹಾಲು ಚೆನ್ನಾಗಿ ಇಳಿಯುತ್ತದೆ ಎನ್ನುವುದು ನಮ್ಮ ಮನೆಯ ಹಿರಿಯರ ಮಾತು. ಸುಮಾ ಹುಟ್ಟಿದಾಗ ಕಾವೇರಿಗೆ ಗಾಳ ಹಾಕಿ ಜಯಮ್ಮನಿಗೆ ಮೀನು ತಂದುಕೊಟ್ಟವನು ಬೇರೆ ಯಾರೂ ಅಲ್ಲ, ನಾನೇ.

"ನಾಳೆ ರಾತ್ರಿ ಈ ಮನೆಯ ಬಾಣಂತಿ ನನ್ನ ಕೈಯಾರೆ ಹಿಡಿದ ಮೀನಿನ ಸಾರು ಉಣ್ತಾಳೆ. ಜಯಾ, ಮಸಾಲೆ ರುಬ್ಬು!"

"ಮೊದ್ಲು ಮೀನು ಬರ್ಲಿ ರೀ."

"ಬಂದೇ ಬರುತ್ತೆ ಕಣೇ!"

ಬೆಳಗ್ಗೆ ಮಾರ್ಗನ್ ಹಿಲ್ ಕಡೆಯ ಒಂದು ಕೆರೆಗೆ ಹೋದೆವು. ಚಳಿಗಾಲ ಈಗಷ್ಟೇ ಹೋಗಿತ್ತು. ಗುಡ್ಡಗಳೆಲ್ಲ ಹಸಿರು, ಗಾಳಿ ಮಾತ್ರ ಚಾಕು. ನೀರಿಗೆ ಬೆರಳಿಟ್ಟರೆ ಬೆರಳು ನಮ್ಮದಲ್ಲ. ಅನುಮತಿ ಚೀಟಿಗಳನ್ನು ನವೀನ ಫೋನಿನಲ್ಲೇ ಮಾಡಿಸಿದ್ದ. ಗಾಳ ಬೀಸಲು ತೋಳು ಸಲೀಸಾಗಿರಲೆಂದು ನಾನು ಜಾಕೆಟ್ಟು ಬಿಚ್ಚಿದೆ. ದಡದಲ್ಲಿ ಒಂದು ಹಲಗೆ ನೆಟ್ಟಿದ್ದರು. ಎಷ್ಟು ಮುಂದಾಲೋಚನೆಯ ದೇಶ! ಬಟ್ಟೆ ನೇತುಹಾಕುವುದಕ್ಕೂ ವ್ಯವಸ್ಥೆ! ಜಾಕೆಟ್ಟನ್ನು ಅದಕ್ಕೆ ತಗುಲಿಸಿದೆ.

ನವೀನ ಡಬ್ಬಿಯಿಂದ ರಬ್ಬರ್ ಹುಳು ತೆಗೆದುಕೊಟ್ಟ. ನಾನು ಬೇಡವೆಂದು ಕೈ ಅಲ್ಲಾಡಿಸಿದೆ.

"ರಬ್ಬರ್ ಪಂಕ್ಚರ್ ಹಾಕೋಕೆ ಅಳಿಯಂದ್ರೇ. ಮೀನಿಗೆ ರಾಗಿ!"

ರಾತ್ರಿಯ ಮುದ್ದೆ ಎರಡು ಕಟ್ಟಿ ತಂದಿದ್ದೆ. ಕಾವೇರಿಯ ಮೀನು ರಾಗಿ ಮುದ್ದೆ ಕಂಡರೆ ನೆಂಟರ ಹಾಗೆ ಸಂಸಾರ ಸಮೇತ ಬರುತ್ತದೆ.

"ಮಾವ, ಬಾಸು ಹುಳ, ಮರಿಮೀನು ತಿನ್ನೋ ಜಾತಿ..."

"ರುಚಿ ನೋಡಿಲ್ಲ, ಅದಕ್ಕೇ!"

ಅವನು ನಗುತ್ತಾ ಆಚೆಯ ಬಂಡೆಗೆ ಹೋದ. ನಾನು ಗಾಳಕ್ಕೆ ಒಂದು ಉಂಡೆ ಸಿಕ್ಕಿಸಿ, ಆಮಂತ್ರಣ ಪತ್ರಿಕೆಯಂತೆ ಇನ್ನಷ್ಟು ಉಂಡೆಗಳನ್ನು ನೀರಿಗೆ ಎಸೆದೆ. ಆಮಂತ್ರಣ ತಲುಪಿತು. ಬಾತುಕೋಳಿಗಳಿಗೆ! ಮೊದಲು ಎರಡು, ಆಮೇಲೆ ಹತ್ತು, ಆಮೇಲೆ ಆ ತಾಲ್ಲೂಕಿನ ಸಮಸ್ತ ಬಾತುಕೋಳಿಗಳು. ನೀರಿನಲ್ಲಿದ್ದ ಮುದ್ದೆ ಮುಗಿಸಿ ದಡಕ್ಕೇ ಹತ್ತಿ ಬಂದವು. ನಾನು ಹಿಂದೆ ಹಿಂದೆ ಸರಿದೆ, ಅವು ಮುಂದೆ ಮುಂದೆ ಬಂದವು. ಕೊನೆಗೆ ಉಳಿದ ಮುದ್ದೆಯನ್ನು ಬುತ್ತಿಬಟ್ಟೆ ಸಮೇತ ಒಪ್ಪಿಸಿ ಜೀವ ಉಳಿಸಿಕೊಂಡೆ.

ಬಂಡೆಯ ಮೇಲಿಂದ ನವೀನ ಕೂಗಿದ. "ಮಾವ, ಬಾತುಕೋಳಿಗೆ ಬೇರೆ ಅನುಮತಿ ಬೇಕು!"

ಅನಂತರ ರಬ್ಬರ್ ಹುಳುವಿಗೆ ಶರಣಾದೆ. ಗಾಳವನ್ನು ಹಿಂದಕ್ಕೆ ಬೀಸಿ ಜೋರಾಗಿ ಮುಂದಕ್ಕೆ ಎಸೆದೆ. ತಲೆ ತಣ್ಣಗಾಯಿತು. ನನ್ನ ಮಂಕಿ ಕ್ಯಾಪು ಕೊಕ್ಕೆಗೆ ಸಿಕ್ಕಿ, ನೀರಿನ ಮೇಲೆ ಹಾರಿ, ನಡುಕೆರೆಯಲ್ಲಿ ಬಿತ್ತು. ಎಳೆದುಕೊಂಡೆ. ಆ ದಿನದ ಮೊದಲ ಬೇಟೆ!

ಮಧ್ಯಾಹ್ನವಾಯಿತು. ಕೈ ಮರಗಟ್ಟಿತು. ನವೀನನಿಗೂ ಏನೂ ಸಿಗಲಿಲ್ಲ. "ನೀರು ಇನ್ನೂ ತಣ್ಣಗಿದೆ ಮಾವ, ಮೀನು ತಳ ಬಿಟ್ಟು ಏಳ್ತಿಲ್ಲ" ಎಂದ. ಸುಮಾಳ ಮುಖ ನೆನಪಾಯಿತು. ಬರಿಗೈಲಿ ಹೇಗೆ ಹೋಗುವುದು?

ಆಗ ದಾರ ಎಳೆಯಿತು! ನಾನು ಕೂಗಿದೆ, ಹಾರಿದೆ, ಸುತ್ತಿದೆ. ಬಂತು! ಕಂದುಹಸಿರು ಮೈಯ ಮೀನು, ಗೇಣುದ್ದ. ತೋಳನ್ನು ಫೋನಿನ ಕಡೆಗೆ ಚಾಚಿ ಹಿಡಿದರೆ ಮೊಳದುದ್ದ ಕಾಣುತ್ತದೆ. ಹಾಗೇ ಫೋಟೋ ತೆಗೆಸಿ ಮನೆಗೆ ಕಳಿಸಿದೆವು. ಜಯಮ್ಮನಿಂದ ಕೂಡಲೇ ಉತ್ತರ ಬಂತು. "ಹುಣಸೇಹಣ್ಣು ನೆನೆಹಾಕಿದೀನಿ!"

ಮೀನನ್ನು ಬಕೆಟ್ಟಿನ ನೀರಿನಲ್ಲಿ ಬಿಟ್ಟು ಮೀಸೆ ತಿರುವುವಷ್ಟರಲ್ಲಿ, ಪಕ್ಕದಲ್ಲಿ ಗಾಳ ಹಾಕುತ್ತಿದ್ದ ಬಿಳಿಗಡ್ಡದ ದೊರೆಯೊಬ್ಬ ಬಂದು ನನ್ನ ಕೈ ಕುಲುಕಿದ. ಬಕೆಟ್ಟು ನೋಡಿದ. ನನ್ನನ್ನು ನೋಡಿದ. ಆಮೇಲೆ ಮದುಮಗಳ ಸೆರಗು ಸರಿಸುವಷ್ಟು ನಯವಾಗಿ, ಹಲಗೆಯ ಮೇಲಿನ ನನ್ನ ಜಾಕೆಟ್ಟು ಎತ್ತಿದ.

ಹಲಗೆಯ ಮೇಲೆ ಬರೆದಿದ್ದನ್ನು ನವೀನ ಓದಿದ. ಅವನ ಮುಖ ಇಳಿಯಿತು.

"ಏನಂತೆ?"

"ಈ ಕೆರೆ ಮೀನು ತಿನ್ನಬಾರದಂತೆ ಮಾವ. ಪಾದರಸ ಇದೆಯಂತೆ. ಹಿಡಿದಿದ್ದನ್ನ ವಾಪಸ್ ಬಿಡ್ಬೇಕಂತೆ. ಅದ್ರಲ್ಲೂ..."

"ಅದ್ರಲ್ಲೂ?"

"ಬಸುರಿ, ಬಾಣಂತಿಯರು ಮುಟ್ಲೇಬಾರದಂತೆ."

ಬೆಳಗಿನಿಂದ ಆ ಎಚ್ಚರಿಕೆಗೆ ನಾನೇ ಜಾಕೆಟ್ಟು ತೊಡಿಸಿ ಬೆಚ್ಚಗಿಟ್ಟಿದ್ದೆ! ಮೀನನ್ನು ನೀರಿಗೆ ಬಿಟ್ಟೆ. ಹೋಗುವಾಗ ಬಾಲ ಬೀಸಿ ನನ್ನ ಕನ್ನಡಕ ತೊಳೆದು ಹೋಯಿತು.

ಕಾರಿನಲ್ಲಿ ಜಯಮ್ಮನ ಫೋನು ಬಂತು. "ಎಲ್ಲಿದೀರಿ? ಮೀನು?"

"ನಾವು ನಮ್ಮನೆಗೆ ಬರ್ತಿದೀವಿ. ಅದು ಅದರ ಮನೆಗೆ ಹೋಯ್ತು ಕಣೇ."

ಅತ್ತ ತಾಯಿ ಮಗಳು ಇಬ್ಬರೂ ನಕ್ಕ ಸದ್ದಿಗೆ ಮಗು ಎದ್ದು ಅತ್ತಿದ್ದು ಹೆದ್ದಾರಿ ತುಂಬ ಕೇಳಿಸಿತು.

ರಾತ್ರಿ ಎಲ್ಲರೂ ಒಟ್ಟಿಗೆ ಊಟಕ್ಕೆ ಕೂತೆವು. ಮೀನಿಗೆಂದು ರುಬ್ಬಿದ ಮಸಾಲೆಗೆ ಜಯಮ್ಮ ಮೊಟ್ಟೆ ಬೇಯಿಸಿ ಹಾಕಿದ್ದಳು. "ಇದಕ್ಕೆ ಈಜೋಕೆ ಬರಲ್ಲ, ಧೈರ್ಯವಾಗಿ ಊಟ ಮಾಡಿ" ಎಂದು ನನ್ನ ತಟ್ಟೆಗೇ ಮೊದಲು ಬಡಿಸಿದಳು. ಸುಮಾ ಒಂದು ತುತ್ತು ಬಾಯಿಗಿಟ್ಟಳೋ ಇಲ್ಲವೋ, ತೊಟ್ಟಿಲಲ್ಲಿ ಅಳು. ಮಗು ಹುಟ್ಟಿದಾಗಿನಿಂದ ಅವಳ ಊಟವೇ ಹಾಗೆ. ಅನ್ನ ಬಿಸಿ ಇರುವಾಗ ತಿಂದದ್ದೇ ಇಲ್ಲ.

"ನೀನು ಕೂತ್ಕೋ ಮಗಳೇ, ನಾನಿದೀನಿ" ಎಂದು ಎದ್ದು ಕೈ ತೊಳೆದು, ಮಗುವನ್ನು ಎತ್ತಿ ಹೆಗಲಿಗೆ ಹಾಕಿಕೊಂಡೆ. ಬೆನ್ನು ತಟ್ಟಿದೆ. ಅಳು ನಿಂತೇ ಹೋಯಿತು!

"ನೋಡಿದ್ರಾ? ಇದಕ್ಕೆ ಅನುಭವ ಅಂತಾರೆ! ಎಲ್ಲರ ಕೈಲೂ ಆಗೋ..."

ಮಾತು ಮುಗಿಯುವ ಮೊದಲೇ ಮಗು ಕುಡಿದ ಹಾಲನ್ನೆಲ್ಲ ನನ್ನ ಹೆಗಲಿನಿಂದ ಸೊಂಟದವರೆಗೆ ಧಾರಾಳವಾಗಿ ಕಕ್ಕಿತು.

"ಸದ್ಯ, ಹಾಲಿಗೇನೂ ಕಮ್ಮಿ ಇಲ್ಲ ಬಿಡಿ!" ಎಂದಳು ಜಯಮ್ಮ.

ಸುಮಾ ನಗುತ್ತಾ ಏಳಲು ಹೋದಳು. ಕಣ್ಣಲ್ಲೇ ಬೇಡ ಎಂದೆ. ಅವಳು ಎರಡನೇ ಸಲ ಅನ್ನ ಹಾಕಿಸಿಕೊಂಡಳು, ಬಿಸಿ ಬಿಸಿಯಾಗಿ. ಮಗು ನನ್ನ ತೋಳಿನ ಒದ್ದೆಯಾಗದ ಜಾಗ ಹುಡುಕಿ ಮೂತಿ ಒರೆಸಿಕೊಂಡು ನಿದ್ದೆ ಹೋಯಿತು. ನನ್ನ ತಟ್ಟೆಯಲ್ಲಿ ಅನ್ನ ಆರುತ್ತಿತ್ತು. ನಾನು ಅಲುಗಾಡಲಿಲ್ಲ. ಅಂತೂ ಈ ಮನೆಯಲ್ಲಿ ನನಗೂ ಒಂದು ಕೆಲಸ ಸಿಕ್ಕಿತು: ಬಾಯೊರೆಸುವ ಬಟ್ಟೆ!