ಕಪ್ಪಾದ ಮನೆಪಟ್ಟಿ

ಸುಕುಮಾರನಿಗೆ ಅರಬ್ಬರ ನಾಡಿನಲ್ಲಿರಲು ಇಕಾಮಾ ಪರವಾನಗಿ ಇತ್ತು, ಸಂಬಳ ಇತ್ತು, ತಲೆತುಂಬ ಕೂದಲಿತ್ತು. ತನ್ನ ಬಳಿ ಯಾವುದೆಂದು ಮಾತ್ರ ಗೊತ್ತಿರಲಿಲ್ಲ.

ತುಳುವರಲ್ಲಿ ಗೋತ್ರದಂಥ ಈ ಬಳಿ ಬರುವುದು ತಾಯಿಯಿಂದ. ಒಂದೇ ಬಳಿಯವರು ಅಣ್ಣತಂಗಿಯರ ಲೆಕ್ಕ, ಮದುವೆ ಕೂಡದು. ಇವನೋ ಎರಡು ವರ್ಷಕ್ಕೇ ತಾಯಿಯನ್ನು ಕಳೆದುಕೊಂಡು ಮುಂಬಯಿಯ ಹೋಟೆಲಿನಲ್ಲಿ ಬೆಳೆದವನು. ಅಜ್ಜಿಯ ಹೆಸರು ಅಪ್ಪಿ ಎಂಬುದು, ಅವರ ಹಳ್ಳಿ ಯಾವುದೆಂಬುದು, ಇವೆರಡೇ ಆಸ್ತಿ. ಅವನ ಈಗಿನ ಊರಿನ ಮಿರ್ಕಾಬ್ ಪೇಟೆಯಲ್ಲಿ ಕೆಫೆಟೇರಿಯಾ ನಡೆಸುವ ಧನರಾಜ್, "ಬಳಿ ಗೊತ್ತಿಲ್ಲದವನಿಗೆ ತಂಗಿ ಹರಿಣಾಕ್ಷಿಯನ್ನು ಕೊಡುವುದು ಹೇಗೆ?" ಎಂದು ಪಟ್ಟು ಹಿಡಿದಿದ್ದರು.

"ಯಾವುದಾದ್ರೂ ಒಂದು ಹೇಳಿಬಿಡು ಮಾರಾಯ," ಎಂದ ಕೋಣೆಯ ಜೊತೆಗಾರ, ಆಫೀಸಿನ ಡ್ರೈವರ್ ರೋಕ್.

"ಸುಳ್ಳು ಹೇಳಿ ಮದುವೆಯಾಗ್ಲಿಕ್ಕೆ ನನ್ನಿಂದಾಗ."

ಮಂಗಳೂರಿನ ಗೆಳೆಯನೊಬ್ಬ ಆ ಹಳ್ಳಿಯ ಹಳೇ ಶಾನುಭೋಗರ ಅಟ್ಟ ಹತ್ತಿ, 1921ರ ಜನಗಣತಿಯ ಮನೆಪಟ್ಟಿಯ ನಕಲು ಹುಡುಕಿ ತೆಗೆದ. ತಾಯಿಮನೆ ಯಾವುದೆಂದು ಗೊತ್ತಾದರೆ ಬಳಿ ಗೊತ್ತಾದಂತೆ. ಮೇ ತಿಂಗಳ ಆ ಗುರುವಾರ ಬೆಳಿಗ್ಗೆ ಅದರ ಫ್ಯಾಕ್ಸ್ ಆಫೀಸಿಗೆ ಬಂತು. ಕಳೆದುಹೋಗಬಾರದೆಂದು ರೋಕ್ ಅದನ್ನು ಜೋಪಾನವಾಗಿ ಕಾರಿನ ಗಾಜಿನಡಿ ಇಟ್ಟು, ಆಫೀಸಿನ ಕೆಲಸಕ್ಕೆ ಊರಾಚೆಯ ಮೀನಾ ಅಬ್ದುಲ್ಲಾಕ್ಕೆ ಹೋಗಿಬಂದ. ಬರುವಷ್ಟರಲ್ಲಿ ಶಾಖಕ್ಕೆ ಅಕ್ಷರ ಮೂಡುವ ಆ ಫ್ಯಾಕ್ಸ್ ಕಾಗದ ಬಿಸಿಲಿಗೆ ಇಡಿಯಾಗಿ ದೋಸೆ ಕಾವಲಿಯಂತೆ ಕಪ್ಪಾಗಿತ್ತು.

"ನಿನ್ನ ಅಜ್ಜಿ ಇದರಲ್ಲೇ ಎಲ್ಲೋ ಇದ್ದಾರೆ," ಎಂದ ರೋಕ್.

ಸುಕುಮಾರ ಮಂಗಳೂರಿಗೆ ಫೋನು ಮಾಡಿ, ಬೈಸಿಕೊಂಡು, ಸಂಜೆಗೆ ಇನ್ನೊಂದು ಫ್ಯಾಕ್ಸ್ ತರಿಸಿದ. ಅದನ್ನು ಅಂಗಿಯೊಳಗೆ ಬಚ್ಚಿಟ್ಟುಕೊಂಡು ರೋಕ್ ಜೊತೆ ಕೆಫೆಟೇರಿಯಾಕ್ಕೆ ಓಡಿದ.

ಧನರಾಜ್ ತಾವೇ ಚಹಾ ತಂದಿಟ್ಟರು. "ನೋಡು ಸುಕುಮಾರ, ತಂಗಿ ನಿನ್ನೆಯಿಂದ ಊಟ ಬಿಟ್ಟು ಕೂತಿದ್ದಾಳೆ. ಬಳಿ ಗಿಳಿ ಏನೂ ಬೇಡ. ಖಲಾಸ್! ನಮಗೆ ಒಪ್ಪಿಗೆ."

ಗಲ್ಲಾದ ಹಿಂದೆ ಹರಿಣಾಕ್ಷಿ ನಕ್ಕಳು. ಬುದ್ಧಿ ಇದ್ದವನಾಗಿದ್ದರೆ ಅಲ್ಲಿಗೇ ಬಾಯಿ ಮುಚ್ಚುತ್ತಿದ್ದ. ಆದರೆ ದಿನವಿಡೀ ಪಟ್ಟ ಪಾಡು ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತಾಗಲು ಸುಕುಮಾರ ಬಿಟ್ಟಾನೆಯೇ?

"ಇಲ್ಲ ಧನಣ್ಣ, ನಾಳೆ ಯಾರೂ ನನಗೆ ಗತಿಗೋತ್ರ ಇಲ್ಲ ಅನ್ಬಾರ್ದು," ಎಂದವನೇ ಗಟ್ಟಿಯಾಗಿ ಓದಿದ. "ಪಡುಬೆಟ್ಟು ಮನೆ. ಯಜಮಾನಿ ದುಗ್ಗಮ್ಮ. ಹೆಣ್ಣುಮಕ್ಕಳು ಅಪ್ಪಿ, ವಯಸ್ಸು ಆರು. ಚಂದು, ವಯಸ್ಸು ನಾಲ್ಕು."

ಧನರಾಜ್ ಎದ್ದು ನಿಂತರು. "ಪಡುಬೆಟ್ಟು ಚಂದು ನನ್ನ ಅಮ್ಮನ ಅಮ್ಮ!" ಎಂದು ಓಡಿಬಂದು ತಬ್ಬಿಕೊಂಡರು.

ತಾಯಿಮನೆಯವರೊಬ್ಬರು ತಬ್ಬಿದ್ದು ಹುಟ್ಟಿದ ಮೇಲೆ ಅದೇ ಮೊದಲು. ಸುಕುಮಾರನ ಕಣ್ಣು ತುಂಬಿತು. "ಹಾಗಾದ್ರೆ ನಾವೆಲ್ಲ ಒಂದೇ ಬಳಿ!" ಎಂದು ಕೂಗಿದ. ಕೂಗಿದ ಮೇಲೆ ತನ್ನ ಮಾತು ತನಗೇ ಕೇಳಿಸಿತು. ಹರಿಣಾಕ್ಷಿಯ ನಗು ಆರಿಹೋಗಿತ್ತು.

ಧನರಾಜ್ ನಿಟ್ಟುಸಿರು ಬಿಟ್ಟು ಅವನ ಹೆಗಲ ಮೇಲೆ ಕೈಯಿಟ್ಟರು. "ಏನು ಮಾಡುವುದು ತಮ್ಮಾ! ಇನ್ನು ತಂಗಿಗೆ ಗಂಡು ಹುಡುಕುವ ಜವಾಬ್ದಾರಿ ನಮ್ಮಿಬ್ಬರದು."

ರೋಕ್ ಮೆಲ್ಲಗೆ ಅವನ ಕಿವಿಯ ಹತ್ತಿರ ಬಗ್ಗಿದ. "ಆ ಕಪ್ಪು ಕಾಗದ ಇನ್ನೂ ಕಾರಿನಲ್ಲೇ ಉಂಟು. ತರ್ಲಾ?"