ಬೇಳೆ ಕಂಪನಿಯ ಬಂಡಾಯಕ್ಕೆ ನನ್ನದೇ ಮೈಕು

ಮೈಕು ಬಾಡಿಗೆಗೆ ಕೊಡುವವನ ಪಾಡು ವಿಚಿತ್ರ. ಜಗಳ ಊರಿನದು, ಗಂಟಲು ನನ್ನದು. ಬಸವಕಲ್ಯಾಣದಲ್ಲಿ ನನ್ನ ಅಂಗಡಿ. ಮದುವೆ, ಉರುಸು, ಭಜನೆ, ಭಾಷಣ, ಎಲ್ಲಿಗೆ ಹೋದರೂ ಏನಾದರೂ ಒಂದು ನಡೆದೇ ನಡೆಯುತ್ತದೆ. ಆದರೆ ಬೇಳೆ ಕಂಪನಿಯ ಶೇರುದಾರರು ತಮ್ಮ ಅಧ್ಯಕ್ಷರ ವಿರುದ್ಧ ತಿರುಗಿಬಿದ್ದಾಗ ನಕ್ಕಷ್ಟು ನಾನು ಎಂದೂ ನಕ್ಕಿಲ್ಲ.

ಕಂಪನಿ ದೊಡ್ಡದು. ಬಸವಕಲ್ಯಾಣ, ಹುಮನಾಬಾದ್ ಎರಡೂ ತಾಲೂಕಿನ ತೊಗರಿ ಬೆಳೆಯುವವರು ಶೇರು ಹಾಕಿ ಕಟ್ಟಿದ್ದು. ನನ್ನದೂ ಒಂದು ಶೇರು ಉಂಟು. ಅಧ್ಯಕ್ಷರು ಕೆಟ್ಟವರಲ್ಲ, ಮೊದಲ ಗಿರಣಿ ನಿಂತದ್ದೇ ಅವರ ಓಡಾಟದಿಂದ. ಆದರೆ ಒಂದು ದಿನ, "ಗಿರಣಿ, ಆಫೀಸು ಎಲ್ಲಾ ಹೈದರಾಬಾದಿಗೆ ಒಯ್ಯೋಣ" ಎಂದುಬಿಟ್ಟರು. ಗಿರಣಿಯ ಕೂಲಿಯನ್ನೇ ನಂಬಿದ ಹೆಣ್ಣುಮಕ್ಕಳು ಎಲ್ಲಿಗೆ ಹೋಗಬೇಕು? ಹುಮನಾಬಾದ್ ಹತ್ತಿರದ ಹುಡಗಿ ಎಂಬ ಊರಿನ ನಿವೃತ್ತ ಮಾಸ್ತರರೊಬ್ಬರು ಪಂಚೆ ಮೇಲೆ ಕಟ್ಟಿ ಮುಂದೆ ನಿಂತರು. ಬಂಡಾಯ ಶುರುವಾಯಿತು.

೧. ಊಟಕ್ಕೆ ಮುಂಚೆ, ಊಟದ ಮೇಲೆ

ಆಟೋಗೆ ಮೈಕು ಕಟ್ಟಿ ಊರೂರು ಸಾರುವವನು ನಾನೊಬ್ಬನೇ. ಹಾಗಾಗಿ ಎರಡೂ ಕಡೆಯವರು ನನ್ನನ್ನೇ ಕರೆದರು. ಬೆಳಿಗ್ಗೆ ರಾಜೇಶ್ವರ ಎಂಬ ಹಳ್ಳಿಯ ಒಂದು ಓಣಿಯಲ್ಲಿ, "ನಮ್ಮ ಪ್ರೀತಿಯ ಅಧ್ಯಕ್ಷರನ್ನು ಬೆಂಬಲಿಸಿ!" ಎಂದು ಸಾರಿದೆ. ಮಧ್ಯಾಹ್ನ ಅದೇ ಓಣಿಯಲ್ಲಿ, "ಕಂಪನಿ ಉಳಿಸಿ, ಅಧ್ಯಕ್ಷರನ್ನು ಇಳಿಸಿ!"

ಕಟ್ಟೆಯ ಮೇಲೆ ಕೂತಿದ್ದ ಆಯಿಯೊಬ್ಬಳು ಕೈ ಅಡ್ಡ ಹಿಡಿದು ಆಟೋ ನಿಲ್ಲಿಸಿದಳು.

"ಏ ಭಾಯಿ, ಮುಂಜಾನಿ ಬಂದಾಂವ ನೀನೇ ಹೌದಲ್ಲ?"

"ಹೌದ್ರಿ ಆಯಿ."

"ಆಗ ಅವನ್ನ ಹೊತ್ತು ಕುಣದಿ, ಈಗ ಇಳಸ್ರಿ ಅಂತಿ. ನಡುವ ಎಲ್ಲಿ ಊಟಾ ಮಾಡಿದ್ಯೋ ಖರೇ ಹೇಳು, ನಮ್ಮ ಮುದುಕಪ್ಪಗೂ ಅಲ್ಲೇ ಉಣಸ್ತೀನಿ. ಲಗ್ನ ಆಗಿ ನಲವತ್ತು ವರ್ಷ ಆತು, ಒಂದು ಮಾತೂ ಬದಲ್ ಮಾಡವಲ್ಲ!"

೨. ಅತ್ತೆಯ ಸಹಿ

ಮಾಸ್ತರರು ಅಧ್ಯಕ್ಷರನ್ನು ಇಳಿಸುವ ಅರ್ಜಿಗೆ ಸಹಿ ಕೇಳುತ್ತ ಹುಮನಾಬಾದಿನ ಒಂದು ಮನೆಗೆ ಹೋದರು, ನಾನು ಜೊತೆಗಿದ್ದೆ. ಒಳಗೆ ಹೋಗಿ ಚಹಾ ಕುಡಿದ ಮೇಲೆ ತಿಳಿಯಿತು, ಆ ಮನೆಯಾಕೆ ಅಧ್ಯಕ್ಷರ ಖಾಸಾ ಅತ್ತೆ! ಮಾಸ್ತರರು ಮೆಲ್ಲಗೆ ಚಪ್ಪಲಿ ಹುಡುಕತೊಡಗಿದರು.

"ಎಲ್ಲಿಗಿ ಹೊಂಟ್ರಿ? ಪೆನ್ನು ತರ್ರಿ ಇಲ್ಲಿ" ಎಂದರು ಆ ತಾಯಿ. "ನಮ್ಮ ಅಳಿಯ ದೇವರು ಆ ಖುರ್ಚಿ ಬಿಟ್ರ ನನ್ನ ಮಗಳು ಒಮ್ಮೆರೆ ಗಂಡನ ಮಾರಿ ನೋಡ್ಯಾಳು."

ಸಹಿ ಮಾಡಿ, ಆಗಲೇ ಮಗಳಿಗೆ ಫೋನು ಹಚ್ಚಿ ಸುದ್ದಿ ಹೇಳಿದರು. ಆ ಕಡೆಯಿಂದ ಮಗಳು ಕೂಗಿದ್ದು ನನ್ನ ಮೈಕಿಗಿಂತ ಜೋರಾಗಿ ಕೇಳಿಸಿತು.

"ಅವ್ವಾ, ಹೊಡದು ಹಾಕು ಆ ಸಹಿ! ಅವರು ಇಡೀ ದಿನಾ ಮನ್ಯಾಗ ಕುಂತು ನನ್ನ ಅಡಗಿಗಿ ಮೀಟಿಂಗ್ ಕರದ್ರ ನಾ ಎಲ್ಲಿಗಿ ಹೋಗ್ಲಿ?"

೩. ಇಳಿದವರು

ಬಸವಕಲ್ಯಾಣದಲ್ಲಿ ಮೆರವಣಿಗೆ. ಮಾಸ್ತರರ ಕೈಯಲ್ಲಿ ಮೈಕು. "ಇಳೀರಿ! ಇಳೀರಿ! ತಕ್ಷಣ ಇಳೀರಿ!" ಎಂದು ಅವರು ಕೂಗಿದಂತೆಲ್ಲ ಹಿಂದಿನವರಿಗೆ ಹುರುಪು. ಗದ್ದಲಕ್ಕೆ ಸಿಕ್ಕಿ ಒಂದು ಬಸ್ಸು ನಿಂತಿತ್ತು. ಸ್ವಲ್ಪ ಹೊತ್ತಿಗೆ ಕಂಡಕ್ಟರ್ ಜನರನ್ನು ಸೀಳಿಕೊಂಡು ಬಂದ.

"ಮಾಸ್ತರ್ರ, ನಿಮ್ಮ ಅಧ್ಯಕ್ಷರು ಇಳದ್ರೋ ಇಲ್ಲೋ ನನಗ ಗೊತ್ತಿಲ್ಲ. ನನ್ನ ಬಸ್ಸು ಪೂರಾ ಖಾಲಿ ಆಗ್ಯದ, ಇಳದ ಮಂದಿನ್ನ ಹತ್ತಸಿ ಕೊಡ್ರಿ!"

ಮಾಸ್ತರರು ಪಾಪ, ಅದೇ ಮೈಕಿನಲ್ಲಿ "ಹತ್ತ್ರಿ! ಹತ್ತ್ರಿ!" ಎಂದರು. ಮೆರವಣಿಗೆಯ ಅರ್ಧ ಜನ ಹತ್ತಿ ಕೂತರು.

೪. ಸರ್ವಾನುಮತ

ಕೊನೆಗೆ ಹುಮನಾಬಾದಿನ ಒಂದು ಕಲ್ಯಾಣ ಮಂಟಪದಲ್ಲಿ ಮಹಾಸಭೆ. ಅಧ್ಯಕ್ಷರು ಜಾಣರು. ಭಾಷಣ ಎಳೆದೂ ಎಳೆದೂ ಮಧ್ಯಾಹ್ನ ಮಾಡಿದರು. ಹಸಿದ ಶೇರುದಾರರು ಪಕ್ಕದ ಊಟದ ಮನೆಗೆ ಹೋಗಿ ಪಂಕ್ತಿಯಲ್ಲಿ ಕೂತರು. ಆಗ ಅಧ್ಯಕ್ಷರು, "ಹೈದರಾಬಾದಿನ ಮಾತು ಈಗ ಮತಕ್ಕ ಹಾಕೋಣು" ಎಂದರು. ಅವರ ಮುಂದೆ ಇದ್ದವರು ಅವರ ಬಳಗದವರಷ್ಟೇ.

ಮಾಸ್ತರರು ಊಟದ ಮನೆಗೆ ಓಡಿದರು. "ಏಳ್ರಪ್ಪಾ, ಕಂಪನಿ ಹೋಗಾಕತ್ತದ!"

"ಹೋಳಗಿ ಬರಾಕತ್ತದ್ರಿ ಮಾಸ್ತರ್ರ" ಎಂದಿತು ಪಂಕ್ತಿ. ಒಬ್ಬರೂ ಏಳಲಿಲ್ಲ.

ಮಾಸ್ತರರು ಅಳುವ ಮುಖ ಮಾಡಿ ನನ್ನತ್ತ ನೋಡಿದರು. ನಾನು ವೈರು ಎಳೆದು ಮೈಕನ್ನೇ ಊಟದ ಮನೆಗೆ ತಂದುಕೊಟ್ಟೆ. ಮೈಕು ಇದ್ದಲ್ಲೇ ಸಭೆ! ಅಧ್ಯಕ್ಷರು ಸಿಟ್ಟಿನಿಂದ ಹಿಂದೆಯೇ ಬಂದರು.

"ಇದು ನಡ್ಯಂಗಿಲ್ಲ! ಎಂಜಲ ಕೈ ಎತ್ತಿದ್ರ ಮತ ಆಗೂದಿಲ್ಲ!"

"ಎಡಗೈ ಎತ್ತತೇವ್ರಿ" ಎಂದ ಒಬ್ಬ. "ನೀವೂ ಉಪವಾಸ ಅದೀರಿ. ಮೊದ್ಲ ಕೂಡ್ರಿ ಸಾಹೇಬ್ರ."

ಇಬ್ಬರು ತೋಳು ಹಿಡಿದು ಪ್ರೀತಿಯಿಂದಲೇ ಕೂರಿಸಿದರು. ಬಾಳೆಲೆ ಬಂತು, ಹೋಳಿಗೆ ಬಂತು, ತುಪ್ಪ ಬಂತು. ಅಧ್ಯಕ್ಷರ ಸಿಟ್ಟು ಎರಡನೇ ತುತ್ತಿಗೆ ಕರಗಿತು. ಈ ಕಡೆ ಮಾಸ್ತರರು ಮೈಕಿನಲ್ಲಿ ಹೇಳಿದರು: "ಕಂಪನಿ ಇಲ್ಲೇ ಇರಬೇಕು, ಅಧ್ಯಕ್ಷರು ಖುರ್ಚಿ ಬಿಡಬೇಕು ಅನ್ನೋರು ಕೈ ಎತ್ತ್ರಿ!" ಅದೇ ಹೊತ್ತಿಗೆ ಆ ಕಡೆ ಬಡಿಸುವವನು ಬುಟ್ಟಿ ಹಿಡಿದು ಕೂಗಿದ: "ಇನ್ನೊಂದು ಹೋಳಗಿ ಯಾರಿಗಿ?"

ಇಡೀ ಪಂಕ್ತಿ ಎಡಗೈ ಎತ್ತಿತು. ಎಲ್ಲರಿಗಿಂತ ಮೇಲೆ, ಉಂಗುರದ ಸಮೇತ, ಅಧ್ಯಕ್ಷರ ಕೈ.

"ಅಧ್ಯಕ್ಷರೂ ಎತ್ಯಾರ!" ಮಾಸ್ತರರು ಕುಣಿದುಬಿಟ್ಟರು. "ಸರ್ವಾನುಮತ!"

ಮಂಟಪ ನಗೆಯಿಂದ ನಡುಗಿತು. ಅಧ್ಯಕ್ಷರು ಸುತ್ತ ನೋಡಿದರು, ಎತ್ತಿದ ತಮ್ಮ ಕೈ ನೋಡಿದರು. ಅವರಿಗೂ ನಗು ತಡೆಯಲಿಲ್ಲ. ಕೈ ಮಾತ್ರ ಇಳಿಸಲಿಲ್ಲ.

"ಖುರ್ಚಿ ನೀವೇ ಇಟ್ಕೋರಿ ಮಾಸ್ತರ್ರ," ಎಂದರು. "ಹೋಳಗಿ ಎಲ್ಲದ?"